ನಮ್ಮತ್ತೆಯ ಮೂರು ದಿಂಬು

ಯಾವ ದವಾಖಾನೆ ಚಲೋ, ಯಾವುದು ಅಲ್ಲ ಎಂಬುದನ್ನು ಅಥಣಿ ತಾಲೂಕಿನ ನಮ್ಮ ಊರಿನವರು ಅಳೆಯುತ್ತಿದ್ದ ರೀತಿ, ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ನಗು ತರಿಸುತ್ತಿತ್ತು. ಸಲಾಯಿನ್ ಬಾಟಲಿ ತೂಗುಹಾಕದ ಡಾಕ್ಟರು ಡಾಕ್ಟರೇ ಅಲ್ಲ. ಬಿಳಿ ಇಂಜೆಕ್ಷನ್ನಿಗಿಂತ ಕೆಂಪು ಇಂಜೆಕ್ಷನ್ ಜೋರು. ಒಬ್ಬರ ಕೈಗುಣ ಒಳ್ಳೆಯದು, ಇನ್ನೊಬ್ಬರು ಸೂಜಿ ಮಾಡಿದರೆ ತೋಳು ವಾರಗಟ್ಟಲೆ ಗಂಟು ಕಟ್ಟುತ್ತದೆ. ಕಟ್ಟೆಯ ಮೇಲೆ ಕೂತವರು ಕಬ್ಬಿನ ಇಳುವರಿ ಮಾತಾಡಿದಷ್ಟೇ ಗಂಭೀರವಾಗಿ ಇದನ್ನೂ ಮಾತಾಡುತ್ತಿದ್ದರು. ಇವೆಲ್ಲಕ್ಕೂ ಮೇಲಿನ ಅಳತೆ ಒಂದಿತ್ತು. ಯಾರಾದರೂ ಹೊಸ ದವಾಖಾನೆಯ ಹೆಸರು ತೆಗೆದರೆ ಮೊದಲ ಪ್ರಶ್ನೆ ಅದೇ: "ಅಲ್ಲಿ ಮಂದಿ ಸಾಯ್ತಾರೇನು?"

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊಳೆ ದಾಟಿ ಚಿಕ್ಕೋಡಿಯ ದಿಕ್ಕಿಗೆ ಹೋದರೆ ಟ್ರಸ್ಟಿನವರ ಒಂದು ದವಾಖಾನೆ ಇತ್ತು. ಊರಿನ ಹೆಸರೂ ಬೇಡ, ಅದರ ಹೆಸರೂ ಬೇಡ. ಒಳಗೆ ಕಾಲಿಟ್ಟ ಕೂಡಲೇ ಪಡಸಾಲೆಯ ಗೋಡೆಗೆ ಶಾಲೆಯಲ್ಲಿರುವಂಥ ಒಂದು ಕರಿಹಲಗೆ. ತಿಂಗಳು ಹುಟ್ಟಿದ ದಿನ ಕಂಪೌಂಡರು ಸ್ಟೂಲಿನ ಮೇಲೆ ಹತ್ತಿ, ಹಳೆಯದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಿಂದಿನ ತಿಂಗಳ ಲೆಕ್ಕ ಬರೆಯುತ್ತಿದ್ದ. ದಾಖಲಾದವರು, ಹೆರಿಗೆ, ಶಸ್ತ್ರಕ್ರಿಯೆ, ಗುಣವಾಗಿ ಮನೆಗೆ ಹೋದವರು. ಎಲ್ಲಕ್ಕೂ ಕೆಳಗೆ ಮರಣ. ಆ ಕೊನೆಯ ಸಾಲಿನ ಮುಂದೆ ಯಾವಾಗಲೂ ಒಂದು ಅಡ್ಡಗೆರೆ ಮಾತ್ರ. ಓದು ಬರದ ಹೆಂಗಸರು ಕೂಡ ಆ ಗೆರೆಯನ್ನು ಗುರುತು ಹಿಡಿಯುತ್ತಿದ್ದರು. "ಕೆಳಗ ಗೆರಿ ಐತಿ ನೋಡವಾ, ಅಂಜಬ್ಯಾಡ" ಎಂದು ಬಸುರಿ ಮಗಳಿಗೆ ಹೇಳುತ್ತಿದ್ದ ಒಬ್ಬ ತಾಯಿಯನ್ನು ನಾನೇ ನೋಡಿದ್ದೇನೆ.

ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮತ್ತೆಯ ಕಾಲು ಬಾತವು. ಆಮೇಲೆ ಉಸಿರು ಹಿಡಿಯಿತು. ಅಡ್ಡಾದರೆ ನೀರಿನಲ್ಲಿ ಮುಳುಗಿದವರ ಹಾಗೆ ಎದ್ದು ಕೂರುತ್ತಿದ್ದರು. ಜೋಳದ ಚೀಲಕ್ಕೆ ಒರಗಿಕೊಂಡೇ ನಿದ್ದೆ. ನನ್ನ ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ, ಹಂಗಾಮಿನಲ್ಲಿ ರಜೆ ಸಿಗುವ ಮಾತೇ ಇರಲಿಲ್ಲ. ಹಾಗಾಗಿ ಎಲ್ಲವನ್ನೂ ನೋಡಿಕೊಂಡವರು ಅವರ ಅಣ್ಣ, ನಮ್ಮ ಭಾವ. ತಾಯಿಯನ್ನು ಎಲ್ಲಿಗೆ ಒಯ್ಯಬೇಕೆಂದು ಅವರು ಎರಡು ಸಲ ಯೋಚಿಸಲಿಲ್ಲ. ಆ ಗೆರೆ ಇದ್ದ ದವಾಖಾನೆಗೇ ಒಯ್ದರು. ಜೊತೆಗಿರಲು ನಾನು ಮತ್ತು ಭಾವನ ಹೆಂಡತಿ ಹೋದೆವು. ಅವಳು ನನ್ನ ನೆಗೆಣ್ಣಿ. ನಾನು ಅಕ್ಕಾ ಎನ್ನುತ್ತಿದ್ದೆ.

ಹೆಂಗಸರ ವಾರ್ಡಿನಲ್ಲಿ ಕೇರಳದಿಂದ ಬಂದ ನರ್ಸ್ ಒಬ್ಬಳಿದ್ದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಕೊರಳಲ್ಲಿ ಸಣ್ಣ ಶಿಲುಬೆ. ಅವಳು ಅತ್ತೆಯನ್ನು ನೋಡಿ ಮೊದಲು ಕೇಳಿದ್ದು ಜ್ವರವನ್ನಲ್ಲ, ನೋವನ್ನೂ ಅಲ್ಲ.

"ಆಯಿ, ಮನೇಲಿ ಎಷ್ಟು ದಿಂಬು ಇಟ್ಟು ಮಲಗೋದು?"

ಅತ್ತೆ ನನ್ನ ಕಡೆ ತಿರುಗಿದರು. "ಏನಂತಾಳ ಈಕಿ?"

"ಎಷ್ಟ ತಲಿದಿಂಬ ಬೇಕು ಅಂತ ಕೇಳಾಕತ್ತಾರ್ರಿ."

"ನಮ್ಮ ಮನ್ಯಾಗ ತಲಿದಿಂಬ ಎಣಸೂ ಪದ್ಧತಿ ಇಲ್ಲಂತ ಹೇಳ ಆಕಿಗೆ. ಬಂದವರಿಗೆಲ್ಲಾ ಕೊಡ್ತೀವಿ."

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಆ ಇಂಗ್ಲಿಷು ನಮ್ಮ ಹಿತ್ತಿಲಲ್ಲಿ ಯಾವ ಕೆಲಸಕ್ಕೂ ಬಂದಿರಲಿಲ್ಲ, ಇಲ್ಲಿ ಬಂತು. ನರ್ಸ್ ನನಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಎದೆಯಲ್ಲಿ ನೀರು ತುಂಬಿದವರು ಚಪ್ಪಟೆಯಾಗಿ ಮಲಗಲಾರರು. ಕಾಯಿಲೆ ಏರಿದಂತೆ ದಿಂಬೂ ಏರುತ್ತದೆ. ಈ ವಾರ ಮೂರು ಬೇಕಾದವರಿಗೆ ಮುಂದಿನ ವಾರ ಎರಡು ಸಾಕಾದರೆ ಔಷಧ ಹತ್ತಿದೆ ಎಂದರ್ಥ. ಇದನ್ನು ಕೇಳಿ ಅತ್ತೆಗೆ ಬಹಳ ಖುಷಿಯಾಯಿತು. ಪ್ರತಿದಿನ ಬೆಳಿಗ್ಗೆ ಪಕ್ಕದ ಮಂಚದ ಹೆಂಗಸಿಗೆ, ಎಲ್ಲರೂ ಕಾಗವಾಡದ ಬಾಯಿ ಎನ್ನುತ್ತಿದ್ದವಳಿಗೆ, ತಮ್ಮ ದಿಂಬಿನ ಸುದ್ದಿ ಹೇಳುವುದೇ ಅವರ ಉದ್ಯೋಗವಾಯಿತು. ಆಕೆ ಮರಾಠಿಯಲ್ಲಿ, ಇವರು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ. "ಮೂರಕ್ಕ ನಿಂತೈತಿ ಬಾಯಿ. ನಮ್ಮ ಸಣ್ಣ ಸೊಸಿ ಕಾನ್ವೆಂಟ ಕಲಿತಾಳ. ಆಕಿಗೆ ಕೇಳ್ರಿ, ಲೆಕ್ಕಾ ಎಲ್ಲಾ ಆಕೀಗೇ ಗೊತ್ತ." ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಕಬ್ಬಿಣದ ದೊಡ್ಡ ಸಿಲಿಂಡರಿನಿಂದ ಕೆಂಪು ರಬ್ಬರಿನ ನಳಿಗೆ ಬಂದು ಅತ್ತೆಯ ಮೂಗಿಗೆ ಅಂಟಿಕೊಂಡಿತ್ತು. ನಡುವೆ ಒಂದು ಗಾಜಿನ ಸೀಸೆ, ಅದರ ನೀರಿನಲ್ಲಿ ಸದಾ ಗುಳುಗುಳು ಗುಳ್ಳೆ. ಗುಳ್ಳೆ ಬರುತ್ತಿದೆಯೇ ಎಂದು ಅತ್ತೆ ಕಣ್ಣು ತೆರೆದಾಗಲೆಲ್ಲ ಅತ್ತ ನೋಡುತ್ತಿದ್ದರು, ಒಲೆಯ ಮೇಲಿನ ಅನ್ನವನ್ನು ನೋಡಿದ ಹಾಗೆ.

ನಾನು ನರ್ಸಿನ ಕೈಗಳನ್ನು ನೋಡುತ್ತಿದ್ದೆ. ಹಾಸಿಗೆಯ ಹೊದಿಕೆಯ ಮೂಲೆಯನ್ನು ಲಕೋಟೆಯ ಹಾಗೆ ಮಡಚಿ ಗಾದಿಯ ಕೆಳಗೆ ಸೇರಿಸುತ್ತಿದ್ದಳು. ಬೋರ್ಡಿಂಗಿನಲ್ಲಿ ನಮ್ಮ ಕನ್ಯಾಸ್ತ್ರೀಯರು ಕಲಿಸಿದ್ದೂ ಅದನ್ನೇ. ಮಡಿಕೆ ಸರಿಯಿಲ್ಲದಿದ್ದರೆ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಬೇಕಿತ್ತು. ಮೈ ಒರೆಸಿದ ಮೇಲೆ ಅತ್ತೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಬೆನ್ನಿಗೆ ಸ್ಪಿರಿಟ್ ತಿಕ್ಕಿ, ಪೌಡರು ಹಾಕಿ, ಹಿಮ್ಮಡಿಗಳನ್ನು ಬೆಳಕಿಗೆ ಎತ್ತಿ ನೋಡುತ್ತಿದ್ದಳು. ಮಲಗಿದಲ್ಲೇ ಇರುವವರ ಮೈ ಹುಣ್ಣಾಗುವುದು ಮೊದಲು ಅಲ್ಲಿಂದಲೇ ಅಂತೆ. "ಅವನೌನ, ನನ್ನ ಕಾಲಿನ ಬುಡ ಇಷ್ಟ ಪ್ರೀತೀಲೆ ನಿಮ್ಮ ಮಾವನೂ ನೋಡಿದ್ದಿಲ್ಲ" ಎಂದರು ಅತ್ತೆ. ಅದನ್ನು ನರ್ಸಿಗೆ ಹೇಗೆ ಇಂಗ್ಲಿಷಿನಲ್ಲಿ ಹೇಳುವುದೋ ನನಗೆ ತಿಳಿಯಲಿಲ್ಲ. ಅವಳು ಬಿಡಲಿಲ್ಲ, ಹೇಳಿಸಿಕೊಂಡು ನಕ್ಕಳು.

ಎರಡನೆಯ ವಾರ ದಿಂಬು ಎರಡಕ್ಕೆ ಇಳಿಯಲಿಲ್ಲ. ಅತ್ತೆಯ ತುಟಿ ನೀಲಿಗೆ ತಿರುಗುತ್ತಿತ್ತು. ಮಾತಿನ ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಆದರೂ ಬೆನ್ನಿಗೆ ಕಬ್ಬಿಣದ ಆಸರೆ, ಅದರ ಮೇಲೆ ಮೂರು ದಿಂಬು, ಮೂಗಿಗೆ ನಳಿಗೆ ಇದ್ದರೆ ಹಣೆಯ ಗಂಟು ಸಡಿಲವಾಗುತ್ತಿತ್ತು. ನಳಿಗೆ ತುಸು ಸರಿದರೆ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

ಒಂದು ಬೆಳಿಗ್ಗೆ ಡಾಕ್ಟರು ಭಾವನನ್ನು ಕರೆಸಿಕೊಂಡರು. ಭಾವ ಹೊರಬಂದಾಗ ಟೋಪಿ ಕೈಯಲ್ಲಿತ್ತು. "ಮನಿಗೆ ಒಯ್ರಿ ಅಂದ್ರು" ಎಂದರು. ಅದರ ಅರ್ಥ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಸತ್ತವರನ್ನು ಮನೆಯ ಹೊಸ್ತಿಲೊಳಗೆ ತರುವುದಿಲ್ಲ, ಅಂಗಳದಲ್ಲೇ ಇಟ್ಟು ಅಲ್ಲಿಂದಲೇ ಎತ್ತಬೇಕು. ಹತ್ತು ಮಂದಿಗೆ ಉಣಬಡಿಸಿದ ಹೆಣ್ಣುಮಗಳಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಕೊನೆಯ ಉಸಿರು ಮನೆಯ ಜಂತಿಯ ಕೆಳಗೇ ಹೋಗಬೇಕು. ಡಾಕ್ಟರು ಹೊತ್ತಿಗೆ ಸರಿಯಾಗಿ ತಿಳಿಸಿದರಲ್ಲ ಎಂದು ಭಾವನಿಗೆ ಅವರ ಮೇಲೆ ಕೃತಜ್ಞತೆಯೇ ಇತ್ತು. ಆ ಕರಿಹಲಗೆಯ ಗೆರೆ ತಿಂಗಳ ಮೇಲೆ ತಿಂಗಳು ಹೇಗೆ ಉಳಿದು ಬಂದಿದೆ ಎಂಬುದು ನನಗೆ ತಿಳಿದದ್ದು ಆಗ, ಆ ಬಾಗಿಲ ಮುಂದೆ ನಿಂತಾಗ.

ನಾನು ಒಳಗೆ ಹೋಗಿ ಡಾಕ್ಟರನ್ನು ಕೇಳಿದೆ. ಇಂಗ್ಲಿಷಿನಲ್ಲಿ ಕೇಳಿದರೆ ಗಟ್ಟಿಯಾಗಿ ಕೇಳಿದಂತಾಗುತ್ತದೆ ಎಂಬ ಧೈರ್ಯ. ಮನೆಯಲ್ಲಿ ಆಕ್ಸಿಜನ್ ಇಲ್ಲ, ದಾರಿ ಕೆಟ್ಟದ್ದು, ಇಲ್ಲಿ ಅವರಿಗೆ ಉಸಿರಾಡಲು ಆಗುತ್ತಿದೆ, ಇನ್ನಷ್ಟು ದಿನ ಇರಲಿ ಎಂದೆ. ಸಿಲಿಂಡರನ್ನಾದರೂ ಕಳಿಸುತ್ತೀರಾ ಎಂದೂ ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕನ್ನಡದಲ್ಲೇ ಉತ್ತರ ಕೊಟ್ಟರು.

"ಸಿಲಿಂಡರ ಬಿಟ್ಟ ಕೊಟ್ರ ಇಲ್ಲಿದ್ದವರಿಗೆ ಏನ ಮಾಡ್ಲಿ? ಮತ್ತ ಇನ್ನೊಂದ ಕೇಳ್ರಿ ಬಾಯಾರ. ಆ ಬೋರ್ಡಿನ ಮ್ಯಾಲ ಒಂದ ಸಾವು ಬಿತ್ತಂದ್ರ ಹಳ್ಳಿ ಮಂದಿ ಈ ಬಾಗಿಲಾ ತುಳಿಯೂದಿಲ್ಲ. ಬಸುರಿ ಹೆಣ್ಣಮಕ್ಕಳನ್ನ ಚಕ್ಕಡ್ಯಾಗ ಹಾಕ್ಕೊಂಡ ಮಿರಜಕ್ಕ ಹೊಂಡ್ತಾರ. ದಾರ್ಯಾಗ ಸಾಯ್ತಾರ. ನಾ ನೋಡೇನಿ. ಟ್ರಸ್ಟಿನ ಹಿರ್ಯಾರೂ ವರ್ಷಕ್ಕೊಮ್ಮಿ ಕುಂತ ಆ ಸಾಲನ್ನ ಓದಸ್ತಾರ. ನಿಮ್ಮ ಮಂದಿನೇ ಒಯ್ತೀವಿ ಅನ್ನಾಕತ್ತಾರ. ನಾ ಹ್ಯಾಂಗ ಬ್ಯಾಡ ಅನ್ಲಿ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಇಂಗ್ಲಿಷು ಅಲ್ಲಿಗೆ ಮುಗಿಯಿತು.

ನನ್ನಿಂದಾಗದ್ದನ್ನು ಅಕ್ಕ ಬೇರೆ ದಾರಿಯಿಂದ ಮಾಡಿದಳು. ಪಡಸಾಲೆಯ ಕಂಬಕ್ಕೆ ಒರಗಿ, ಗಂಡನ ಮುಖ ನೋಡದೆ, ಗೋಡೆಗೆ ಹೇಳಿದ ಹಾಗೆ ಹೇಳಿದಳು. "ನಾಳಿ ಅಮಾಸಿ. ಇವತ್ತ ಒಯ್ದ್ರ ಅಮಾಸಿ ಮುಂದ ಮಾಡಿ ಮನಿಗೆ ತಂದಂಗ ಆಗತೈತಿ. ನಂಗೇನ, ನಾ ಹೇಳೂದ ಹೇಳೇನಿ. ಮುಂದ ಮನಿಗೆ ಏನರೆ ಆದ್ರ ನನ್ನ ಕೇಳಬ್ಯಾಡ್ರಿ." ಭಾವ ಮೀಸೆ ತಿರುವಿದರು. ಆಮೇಲೆ, ಒಯ್ಯಲು ಗೊತ್ತು ಮಾಡಿದ್ದ ಜೀಪಿನವನಿಗೆ ಅಮಾವಾಸ್ಯೆ ಕಳೆದ ಮೇಲೆ ಬಾ ಎಂದು ಹೇಳಿ ಕಳಿಸಿದರು. ಅಕ್ಕ ನನ್ನ ಪಕ್ಕ ಬಂದು ಕೂತು, "ನಿನ್ನ ಇಂಗ್ಲೀಷಿಗಿಂತ ನನ್ನ ಅಮಾಸಿ ಜೋರ ಐತಿ ನೋಡ" ಎಂದಳು.

ಅಮಾವಾಸ್ಯೆಯ ದಿನ ನಮಗೆ ಸಿಕ್ಕದ್ದು ಹಾಗೆ. ಅಕ್ಕ ಅತ್ತೆಯ ತಲೆ ಬಾಚಿದಳು. ಸಿಕ್ಕು ಬಿಡಿಸುವಾಗ ಅತ್ತೆ, "ಹಗರಕ ಬೇ, ಏನ ಎತ್ತಿನ ಬಾಲಾ ಹಿಡದೀಯೇನ" ಎಂದು ಬೈದರು. ಎರಡು ಚಮಚ ಗಂಜಿ ಒಳಗೆ ಹೋಯಿತು. ಕಿಟಕಿಯಿಂದ ಬಿದ್ದ ಬಿಸಿಲು ಗಾಜಿನ ಸೀಸೆಯ ಮೂಲಕ ಹಾಯ್ದು ಗೋಡೆಯ ಮೇಲೆ ಅಲುಗುತ್ತಿತ್ತು. ಅತ್ತೆ ಅದನ್ನೇ ನೋಡುತ್ತ ನಿದ್ದೆ ಹೋದರು.

ಅಮಾವಾಸ್ಯೆ ಕಳೆಯಿತು. ಮಧ್ಯಾಹ್ನ ಜೀಪು ದವಾಖಾನೆಯ ಹಿಂದಿನ ಬಾಗಿಲಿಗೆ ಬಂದು ನಿಂತಿತು. ಹಿಂದಿನ ಬಾಗಿಲಿಗೇ ನಿಲ್ಲಿಸಬೇಕೆಂದು ಜೀಪಿನವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ರೂಢಿ ಇತ್ತು.

ಭಾವ ತಾಯಿಯ ಮಂಚದ ಬಳಿ ಬಂದು, ಸಣ್ಣ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು. "ಅವ್ವಾ, ಏಳ. ಆರಾಮ ಆಗೇತಿ ನಿನಗ. ಡಾಕ್ಟರ ಬಿಟ್ಟಾರ, ಮನಿಗೆ ಹೋಗೂಣು."

ಅತ್ತೆ ಮಗನನ್ನು ನೋಡಿದರು. ಆಮೇಲೆ ಗುಳ್ಳೆಯ ಸೀಸೆಯನ್ನು ನೋಡಿದರು. ಒಂದೊಂದೇ ಮಾತು ಬಂತು. "ಮನಿ ಎಲ್ಲಿಗೂ ಓಡಿ ಹೋಗೂದಿಲ್ಲಪಾ. ನಾ ಇಲ್ಲೇ ಇರ್ತೀನಿ. ಇಲ್ಲಿ ಉಸರ ಸಿಗತೈತಿ."

"ಆರಾಮ ಆಗೇತಿ ಅಂತ ಡಾಕ್ಟರ ಹೇಳ್ಯಾರವಾ."

"ಆರಾಮ ಆಗಿದ್ರ," ಎಂದು ಅತ್ತೆ ಮಾತು ನಿಲ್ಲಿಸಿ ಉಸಿರೆಳೆದುಕೊಂಡರು, "ನಾ ಅಡ್ಡಾಗಿ ತೋರಸ್ತಿದ್ನಿ."

ನಿಜವಾದ ಕಾರಣವನ್ನು ತಾಯಿಯ ಮುಖದ ಮುಂದೆ ಹೇಳುವ ಮಗ ಎಲ್ಲಿದ್ದಾನೆ? ಕಣ್ಣು ತುಂಬಿಕೊಂಡು ಬಗ್ಗಿ, ಭಾವನೇ ಎತ್ತಿಕೊಂಡರು. ನಳಿಗೆ ತೆಗೆದವಳು ನರ್ಸ್. ತೆಗೆಯುವ ಮೊದಲು ಮೂಗಿನ ಹೊಳ್ಳೆಗೆ ಅಂಟಿದ ಪಟ್ಟಿಯನ್ನು ಎಣ್ಣೆಯಿಂದ ನೆನೆಸಿ ಬಿಡಿಸಿದಳು, ಚರ್ಮ ಕೀಳದಂತೆ. ಹಿಂದಿನ ಬಾಗಿಲವರೆಗೆ ಬಂದು, ಒಂದು ದಿಂಬು ನನ್ನ ತೊಡೆಯ ಮೇಲಿಟ್ಟು ಇಂಗ್ಲಿಷಿನಲ್ಲಿ ಹೇಳಿದಳು, ಮಲಗಿಸಬೇಡ, ಏನೇ ಆದರೂ ಮಲಗಿಸಬೇಡ. ಅದು ದವಾಖಾನೆಯ ದಿಂಬು. ಮೂಲೆಯಲ್ಲಿ ನೀಲಿ ದಾರದ ಗುರುತು ಇತ್ತು.

ಜೀಪಿನ ಹಿಂದಿನ ಸೀಟಿನಲ್ಲಿ ಅತ್ತೆಯನ್ನು ನನಗೆ ಒರಗಿಸಿ ಕೂರಿಸಿದರು. ಬೆನ್ನಿಗೆ ಆ ದಿಂಬು, ತಲೆ ನನ್ನ ಭುಜದ ಮೇಲೆ. ಎದುರಿಗೆ ಅಕ್ಕ ಅವರ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಂದೆ ಡ್ರೈವರನ ಪಕ್ಕ ಭಾವ. ಅತ್ತೆಯ ಉಸಿರು ನನ್ನ ಕೊರಳಿಗೆ ತಾಗುತ್ತಿತ್ತು, ಬಿಸಿಯಾಗಿ, ಒದ್ದೆಯಾಗಿ, ಅವಸರವಾಗಿ. ಹಾರೂಗೇರಿಯ ಸಂತೆಯಲ್ಲಿ ಗಾಡಿ ನಿಧಾನವಾಯಿತು. ಬಾಳೆಹಣ್ಣಿನವನ ಕೂಗು, ಬಸ್ಸಿನ ಹಾರ್ನು, ಹಸಿಮೆಣಸಿನಕಾಯಿ, ಈರುಳ್ಳಿಯ ವಾಸನೆ. ಅತ್ತೆ ಕಣ್ಣು ತೆರೆದು, "ಸಂತಿ ಐತೇನ?" ಎಂದರು. "ಹೌದ್ರಿ" ಎಂದೆ. "ಉಳ್ಳಾಗಡ್ಡಿ ತಗೋರಿ, ಮನ್ಯಾಗ ತೀರ್ಯಾವ" ಎಂದರು. ಅವರು ಆಡಿದ ಕೊನೆಯ ಮಾತು ಅದು.

ಹಾರೂಗೇರಿ ದಾಟಿದ್ದೆವು, ಹೊಳೆ ಇನ್ನೂ ಮುಂದಿತ್ತು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳುತ್ತಿದ್ದೆವು. ನನ್ನ ಕೊರಳು ತಣ್ಣಗಾದದ್ದು ಗೊತ್ತಾಯಿತು. ಗಾಳಿ ಎಂದುಕೊಂಡೆ. ಜೀಪಿನ ಪರದೆ ಇಳಿಬಿಟ್ಟಿತ್ತು, ಗಾಳಿ ಇರಲಿಲ್ಲ. ಅಕ್ಕನನ್ನು ನೋಡಿದೆ. ಅವಳು ಹಿಡಿದಿದ್ದ ಪಾದವನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ನಮ್ಮಿಬ್ಬರ ಬಾಯಿಂದ ಸದ್ದು ಬರಲಿಲ್ಲ. ಆದರೂ ಭಾವ ತಿರುಗಿ ನೋಡಿದರು.

ಅವರು ಅಳಲಿಲ್ಲ. ಡ್ರೈವರನ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ನನಗೆ ಹೇಳಿದರು. "ಮಾತಾಡ್ಕೋತ ಬಾ ತಂಗಿ. ಮನಿ ಮುಟ್ಟೂತನಕ ಅವ್ವನ ಕೂಡ ಮಾತಾಡ್ಕೋತ ಬಾ."

ಭಾವ ನನ್ನನ್ನು ತಂಗಿ ಎಂದು ಕರೆದದ್ದು ಅದೇ ಮೊದಲು. ನಾನು ಮಾತಾಡಿದೆ. ಉಳ್ಳಾಗಡ್ಡಿ ತಗೊಂಡೇವ್ರಿ ಅತ್ಯಾರ ಎಂದೆ. ಹಿತ್ತಿಲ ಕರಿಬೇವಿಗೆ ಹೊಸ ಚಿಗುರು ಬಂದಿದೆ ಎಂದೆ. ಎಮ್ಮೆ ಗಬ್ಬವಾಗಿದೆ, ಈಯುವ ಹೊತ್ತಿಗೆ ನೀವೇ ಇರಬೇಕು, ನನಗೆ ಅಂಜಿಕೆ ಎಂದೆ. ಹೊಳೆಯ ಸೇತುವೆಯ ಮೇಲೆ ಎದುರಿಗೆ ಬಂದ ಚಕ್ಕಡಿಯವರು ಗುರುತು ಹಿಡಿದು ನಿಲ್ಲಿಸಿದರು. "ಗೌಡ್ರ, ಅವ್ವಾರ ಹ್ಯಾಂಗ ಅದಾರ್ರಿ?" "ಆರಾಮ ಅದಾಳ. ಮನಿಗೆ ಹೊಂಟೀವಿ" ಎಂದರು ಭಾವ. ಡ್ರೈವರು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟ, ನಮ್ಮ ಮುಖ ತನಗೆ ಕಾಣಿಸದ ಹಾಗೆ.

ಮನೆ ಮುಟ್ಟಿದ ಮೇಲೆ ಕುರ್ಚಿ ತರಿಸಿ, ಅದರಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿ ಹೊಸ್ತಿಲು ದಾಟಿಸಿದೆವು. ನಡುಮನೆಯಲ್ಲಿ, ಜಂತಿಯ ಕೆಳಗೆ, ಅಕ್ಕ ಬಾಯಿಗೆ ನೀರು ಹಾಕಿದಳು. ನೀರು ಒಳಗೆ ಹೋಗದೆ ಗದ್ದದ ಮೇಲೆ ಹರಿಯಿತು. ಯಾರಿಗೂ ಕಾಣದ ಹಾಗೆ ಸೆರಗಿನಿಂದ ಒರೆಸಿದಳು. ಆಗ ಭಾವ ಕೂಗಿದರು, "ಹ್ವಾದ್ಳಲ್ಲೋ ನಮ್ಮವ್ವ!" ಆ ಕೂಗಿನಲ್ಲಿ ಸುಳ್ಳು ಇತ್ತು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಹಾರೂಗೇರಿಯಿಂದ ಗಂಟಲಲ್ಲಿ ಹಿಡಿದಿಟ್ಟಿದ್ದನ್ನು ಅವರು ಅಲ್ಲಿ ಬಿಟ್ಟರು, ಅಷ್ಟೆ. ನೆರೆದ ಹೆಂಗಸರು, "ಪುಣ್ಯವಂತಿ. ಮನಿ ಮುಟ್ಟಿ, ಸೊಸಿ ಕೈಲೆ ನೀರ ಕುಡದ ಹ್ವಾದ್ಳು" ಎಂದರು. ಊರಿನಲ್ಲಿ ಇವತ್ತಿಗೂ ಹಾಗೇ ಹೇಳುತ್ತಾರೆ. ನಾನೂ ಅಕ್ಕನೂ ತಿದ್ದಿಲ್ಲ. ಭಾವನೂ ಈಗ ಇಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಆ ದಿಂಬು ಹಾಗೇ ಉಳಿದಿತ್ತು. ಒಗೆದ ಗವಸು ಹಾಕಿ, ಬಿಸಿಲಿಗಿಟ್ಟು, ನಾನೂ ಅಕ್ಕನೂ ಬಸ್ಸು ಹತ್ತಿ ದವಾಖಾನೆಗೆ ಹೋದೆವು. ತಿಂಗಳು ಹೊಸದು. ಹಲಗೆಯ ಮೇಲೆ ಬಿಳಿ ಅಕ್ಷರ ಇನ್ನೂ ದಟ್ಟವಾಗಿದ್ದವು. ಗುಣವಾಗಿ ಮನೆಗೆ ಹೋದವರ ಸಂಖ್ಯೆಯಲ್ಲಿ ನಮ್ಮತ್ತೆಯೂ ಒಬ್ಬರು. ಮರಣದ ಮುಂದೆ ಗೆರೆ. ಅಕ್ಕನಿಗೆ ಓದು ಬಾರದು, ಆದರೆ ಆ ಗೆರೆಯನ್ನು ನೋಡಿ ಅವಳು ಒಳಗೆ ಬರಲೊಲ್ಲೆ ಎಂದು ಬೇವಿನ ಗಿಡದ ಕೆಳಗೆ ಕೂತುಬಿಟ್ಟಳು.

ವಾರ್ಡಿನಲ್ಲಿ ಕಾಗವಾಡದ ಬಾಯಿಯ ಮಂಚ ಖಾಲಿ ಇತ್ತು. ಆಕೆ ಹೇಗೆ ಹೋದಳೆಂದು ನಾನು ಕೇಳಲಿಲ್ಲ. ನರ್ಸ್ ಒಬ್ಬ ಮುದುಕಿಯ ಹಿಮ್ಮಡಿಯನ್ನು ಬೆಳಕಿಗೆ ಎತ್ತಿ ನೋಡುತ್ತಿದ್ದಳು. ನನ್ನ ಕೈಯಲ್ಲಿನ ದಿಂಬು ಕಂಡ ಕೂಡಲೇ ಅವಳಿಗೆ ತಿಳಿಯಿತು. ಹತ್ತಿರ ಬಂದು ಅದನ್ನು ತೆಗೆದುಕೊಂಡಳು. ಎಲ್ಲಿ ಎಂದು ಕೇಳಲಿಲ್ಲ, ಯಾವಾಗ ಎಂದೂ ಕೇಳಲಿಲ್ಲ. ನಾನೇ ಹೇಳಿದೆ, ಹಾರೂಗೇರಿ ದಾಟಿದ ಮೇಲೆ, ಹೊಳೆಗೆ ಮುಂಚೆ. ಆ ಮಾತನ್ನು ನಾನು ಹೊರಗಿನವರಿಗೆ ಹೇಳಿದ್ದು ಆಗ ಮಾತ್ರ. ಅವಳು ತನ್ನ ಹರಕು ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಆಯಿ ಕೂತೇ ಇತ್ತಾ?"

"ಹೌದು, ಕೂತೇ ಇದ್ದರು" ಎಂದೆ. "ನನಗೆ ಒರಗಿ."

ಅವಳು ತಲೆಯಾಡಿಸಿ, ಆ ದಿಂಬನ್ನು ಎರಡು ಸಲ ತಟ್ಟಿ ಹದ ಮಾಡಿ, ಆ ಮುದುಕಿಯ ಬೆನ್ನ ಹಿಂದೆ ಇಟ್ಟಳು. ಮುದುಕಿಗೆ ಅದು ಎಷ್ಟನೆಯ ದಿಂಬೋ ನಾನು ನೋಡಲಿಲ್ಲ.

ಹೊರಗೆ ಅಕ್ಕ ಬೇವಿನ ಕಡ್ಡಿಯಿಂದ ಮಣ್ಣಿನಲ್ಲಿ ಏನೋ ಗೀಚುತ್ತಿದ್ದಳು. "ಏನಂದ್ಳು?" ಎಂದು ಕೇಳಿದಳು.

"ಕುಂತಿದ್ರೇನ ಅಂತ ಕೇಳಿದ್ಳು."

ಅಕ್ಕ ಕಡ್ಡಿ ಬಿಸಾಡಿದಳು. ಅಥಣಿಯ ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತ ಬರುತ್ತಿತ್ತು. "ಮನಿಗೆ ಬಂದ ಮಂದಿ ಎಲ್ಲಾರೂ ಎಲ್ಲಿ ಹ್ವಾದ್ಳು ಅಂತ ಕೇಳಿದ್ರು ಬೇ," ಎಂದಳು. "ಹ್ಯಾಂಗ ಹ್ವಾದ್ಳು ಅಂತ ಯಾರೂ ಕೇಳಿದ್ದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಹಾರೂಗೇರಿಯಲ್ಲಿ ಬಸ್ಸು ನಿಂತಾಗ, ನನಗೆ ಹೇಳದೆ ಇಳಿದು ಹೋಗಿ ಉಳ್ಳಾಗಡ್ಡಿ ಕೊಂಡು ಬಂದಳು.